ಕಾದಂಬರಿಗೆ ಚಿಮುಕಿಸಿದ ನೀರು

ನಮ್ಮ ಮಕ್ಕಳ ಸಾಹಿತ್ಯದ ತರಗತಿಯಲ್ಲಿ ಮಕ್ಕಳನ್ನು ಬಿಟ್ಟು ಉಳಿದೆಲ್ಲ ಇತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ, ತಿರುಗುವುದಕ್ಕಿಂತ ಹೆಚ್ಚು ನರಳುವ ಒಂದು ಫ್ಯಾನು, ಎಂಟು ಜನ ಹೆಂಗಸರು, ಒಬ್ಬ ಸರ್. ಕೆಳಗೆ ಆಟೋಗಳ ಹಾರ್ನು ಎಷ್ಟಿತ್ತೆಂದರೆ ಕಾದಂಬರಿಯೊಳಗಿನ ರಣಕಹಳೆಗೆ ಬೇರೆ ಏರ್ಪಾಡು ಬೇಕಾಗಿರಲಿಲ್ಲ. ಇದು ತೊಂಬತ್ತರ ದಶಕದ ನಡುವಿನ ಮಾತು. ಒಂದು ಕಾಲೇಜಿನವರು ಮನೆಯಲ್ಲಿರುವ ಹೆಂಗಸರಿಗೂ ಸಣ್ಣ ಶಾಲೆಗಳ ಟೀಚರುಗಳಿಗೂ ಸೇರಿಸಿ ಆರು ತಿಂಗಳ ಕೋರ್ಸು ತೆಗೆದಿದ್ದರು. ರವಿವಾರ ಮಧ್ಯಾಹ್ನ ಎರಡರಿಂದ ಐದು. ಕೊನೆಗೆ ಒಂದು ಸರ್ಟಿಫಿಕೇಟು.

ನನ್ನ ಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದರು. ನಮ್ಮ ಯಜಮಾನರು ಒಂದು ದಿನ, “ಮನ್ಯಾಗ ಖಾಲಿ ಕೂತು ಏನ್ ಮಾಡ್ತಿ, ಹೋಗಿ ಬಾ” ಎಂದರು. ಬೆಳಗಿನ ಐದರಿಂದ ಮಧ್ಯಾಹ್ನ ಒಂದರವರೆಗೆ ನಾನು ಖಾಲಿ ಕೂತಿರುತ್ತೇನೆಂದು ಅವರಿಗೆ ಯಾರು ಹೇಳಿದ್ದರೋ. ಅತ್ತೆಗೆ ಮಕ್ಕಳ ಸಾಹಿತ್ಯ ಎಂದರೆ ಬಾಲಭಕ್ತರ ಕಥೆ ಎಂಬ ಕಲ್ಪನೆ. ಅವರ ಆ ತಿಳುವಳಿಕೆಯನ್ನು ತಿದ್ದಲು ನಾನು ಹೋಗಲಿಲ್ಲ. ದೇವರು ಕೊಟ್ಟ ಸಣ್ಣಪುಟ್ಟ ಅನುಕೂಲಗಳನ್ನು ಪ್ರಶ್ನೆ ಕೇಳದೆ ತೆಗೆದುಕೊಳ್ಳಬೇಕು ಎನ್ನುವುದು ನನ್ನ ಪದ್ಧತಿ.

ಸರ್‌ಗೆ ರಾಜರೆಂದರೆ ಪ್ರಾಣ. ಮಕ್ಕಳ ಕವಿತೆಗೆ ಒಂದು ರವಿವಾರ, ಪ್ರಾಣಿಗಳ ಕಥೆಗೆ ಅರ್ಧ ರವಿವಾರ ಕೊಟ್ಟು, ಉಳಿದದ್ದನ್ನೆಲ್ಲ ಐತಿಹಾಸಿಕ ಕಾದಂಬರಿಗೆ ಬರೆದುಕೊಟ್ಟರು. ಐತಿಹಾಸಿಕ ಕಾದಂಬರಿ ಓದಿದ ಮಗು ಬೆನ್ನು ನೆಟ್ಟಗೆ ಮಾಡಿ ನಡೆಯುತ್ತದೆ ಎಂದು ಅವರ ಸಿದ್ಧಾಂತ. ಅವರಿಗೆ ಇಬ್ಬರು ಮಕ್ಕಳಿದ್ದರು. ಯಾವ ಯಾವ ಇಯತ್ತೆಯಲ್ಲಿ ಓದುತ್ತಾರೆ ಎಂದು ಒಮ್ಮೆ ಯಾರೋ ಕೇಳಿದ್ದಕ್ಕೆ, ಕಣ್ಣು ಮುಚ್ಚಿ ಯೋಚನೆ ಮಾಡಿ, ಆಮೇಲೆ ಹೇಳಿದರು. ರಾಜರ ಪಟ್ಟಾಭಿಷೇಕದ ಇಸವಿ ಕೇಳಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ.

ನಾಲ್ಕು ಕಾದಂಬರಿ, ಎಂಟು ಜನ. ಲೈಬ್ರರಿಯಲ್ಲಿ ಒಂದೊಂದಕ್ಕೆ ಒಂದೊಂದೇ ಪ್ರತಿ ಇದ್ದದ್ದರಿಂದ ಇಬ್ಬರಿಗೊಂದು ಪುಸ್ತಕ ಎಂದು ಜೋಡಿ ಹಾಕಿದರು. ಕೊನೆಯ ಪರೀಕ್ಷೆ ಬರೆಯುವುದಲ್ಲ, ಓದುವುದು. ಒಂದು ಶಾಲೆಗೆ ಹೋಗಿ ನಿಜವಾದ ಮಕ್ಕಳ ಮುಂದೆ ಆ ಕಾದಂಬರಿಯ ಭಾಗವನ್ನು ಓದಬೇಕು, ಅವರ ಜೊತೆ ಚರ್ಚೆ ಮಾಡಬೇಕು. ಆರು ತಿಂಗಳಿಗೆ ಒಮ್ಮೆಯಾದರೂ ಮಕ್ಕಳ ಮುಖ ನೋಡಲಿ ಎಂದು ಕೋರ್ಸು ಮಾಡಿದ ಪುಣ್ಯಾತ್ಮ ಯಾರೋ ಹಾಗೆ ಬರೆದಿಟ್ಟಿದ್ದ.

ನನಗೆ ಜೋಡಿಯಾದವಳು ಕಮಲಾಪುರದ ಹುಡುಗಿ. ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಅಲ್ಲಿನ ಒಂದು ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಪ್ರತಿ ರವಿವಾರ ಒಂದು ತಾಸು ಬಸ್ಸಿನಲ್ಲಿ ನಿಂತು ಬರುತ್ತಿದ್ದಳು. ಯಾಕೆ ಸೇರಿದ್ದೀರಿ ಎಂದು ಸರ್ ಮೊದಲ ದಿನ ಕೇಳಿದಾಗ ನಾವೆಲ್ಲ ಸಾಹಿತ್ಯಾಭಿರುಚಿ, ಜ್ಞಾನದಾಹ ಎಂದೆವು. ಆಕೆ ಮಾತ್ರ, “ನಮ್ಮ ಹೆಡ್‌ಮಾಸ್ತರು ಈ ಕೋರ್ಸಿನ ಕಾಗದ ತಂದ್ರ ಮುಂದಿನ ವರ್ಷ ಇಟ್ಕೋತೀವಿ, ಇಲ್ಲಂದ್ರ ಬ್ಯಾರೆಯವ್ರನ್ನ ನೋಡ್ತೀವಿ ಅಂದಾರ್ರಿ” ಎಂದಳು. ಅದು ಖರೆ ಉತ್ತರವಾದ್ದರಿಂದ ಸರ್‌ಗೆ ಅಷ್ಟು ಸೇರಲಿಲ್ಲ. ಆಕೆಯ ತಂದೆ ಹೊಲದ ಕೂಲಿ ಮಾಡುತ್ತಿದ್ದರು. ಮನೆಯಲ್ಲಿ ತಿಂಗಳ ಸಂಬಳ ಎಂದು ಬರುತ್ತಿದ್ದುದು ಆಕೆಯದೊಂದೇ.

ನಮ್ಮ ಪಾಲಿಗೆ ಬಂದ ಕಾದಂಬರಿ ಒಂದು ಕೋಟೆಯ ಮುತ್ತಿಗೆಯದು. ರಾಜ ಇದ್ದ, ಸೇನಾಪತಿ ಇದ್ದ, ದ್ರೋಹಿ ಇದ್ದ, ರಾಜನ ಕುದುರೆಗೆ ಹೆಸರಿತ್ತು. ಮೂರು ತಿಂಗಳ ಮುತ್ತಿಗೆಯಲ್ಲಿ ಯಾರೂ ಒಂದು ಹೊತ್ತೂ ಊಟ ಮಾಡಿರಲಿಲ್ಲ. ಒಲೆ ಇಲ್ಲ, ಮುಸುರೆ ಇಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತೆಂಬ ತಕರಾರಿಲ್ಲ. ಓದುತ್ತ ಓದುತ್ತ ನನಗೆ ಆ ರಾಜ್ಯದ ಹೆಂಗಸರ ಮೇಲೆ ಹೊಟ್ಟೆಕಿಚ್ಚಾಯಿತು.

ಮೊದಲ ವಾರ ಪುಸ್ತಕ ಆಕೆಯ ಹತ್ತಿರ ಇತ್ತು. ಶಾಲೆಯ ಪರೀಕ್ಷೆ ಪೇಪರು ತಿದ್ದುವುದಿತ್ತೆಂದು ಅರ್ಧಕ್ಕೆ ಮಾತ್ರ ಬಂದಿದ್ದಳು. ಆ ಅರ್ಧಕ್ಕೇ ಸರ್‌ನ ಮಧ್ಯಾಹ್ನ ಕೆಟ್ಟಿತು.

“ರಾಜನ ಗುಣಗಳನ್ನು ಹೇಳಿ” ಎಂದರು ಸರ್.

“ಸರ್, ಒಂದು ಕೇಳ್ಲೇನ್ರಿ? ಮೂರು ತಿಂಗಳು ಬಾಗ್ಲಾ ಹಾಕ್ಕೊಂಡು ಒಳಗ ಕೂತಾರ. ಅಷ್ಟು ಮಂದೀಗಿ ನೀರು ಯಾರು ಹೊತ್ರು ಅಂತ ಎಲ್ಲೂ ಬರದಿಲ್ಲಲ್ರೀ.”

“ಅದು ಕಥೆಗೆ ಮುಖ್ಯ ಅಲ್ಲಮ್ಮ.”

“ನನ್ನ ಸಾಲಿ ಹುಡುಗ್ರು ಮೊದ್ಲ ಅದನ್ನ ಕೇಳ್ತಾವ್ರಿ ಸರ್. ಮುಂಜಾನಿ ಎದ್ದು ಬೋರಿಂಗಿನ ಮುಂದ ಕೊಡ ಇಟ್ಟು ನಿಂತ ಬಂದಿರ್ತಾವ.”

“ಐತಿಹಾಸಿಕ ಕಾದಂಬರಿಯನ್ನು ಆ ಕಾಲದ ಕಣ್ಣಿಂದ ನೋಡಬೇಕು.”

“ಆ ಕಾಲದಾಗ ನೀರಡಿಕಿ ಆಗ್ತಿರ್ಲಿಲ್ಲೇನ್ರಿ?”

ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಸರ್ ನನ್ನ ಕಡೆ ನೋಡಿದರು. ನಾನು ಕೆಮ್ಮಿದೆ. ಊರಿನಲ್ಲೇ ಅಷ್ಟು ದೊಡ್ಡ ಕೋಟೆ ಇದೆ, ಅದರೊಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ, ಒಮ್ಮೆ ಎಲ್ಲರೂ ಹೋಗಿ ನೋಡಿ ಬರೋಣವೇ ಎಂದೂ ಆಕೆ ಕೇಳಿದಳು. ಸರ್ ಬಿಸಿಲು ಬಹಳ ಎಂದರು. ಮುತ್ತಿಗೆಯನ್ನು ಫ್ಯಾನಿನ ಕೆಳಗೆ ಕೂತು ಎದುರಿಸುವುದು ಅವರಿಗೆ ಹೆಚ್ಚು ಸರಿ ಕಂಡಿತು.

ಆ ಸಂಜೆ ಪುಸ್ತಕ ನನ್ನ ಪಾಳಿಗೆ ಬಂತು. ಲೈಬ್ರರಿಯಿಂದ ತಂದಾಗ ಅದರ ರಟ್ಟು ಕಿತ್ತುಹೋಗಿತ್ತು. ಆಕೆ ಅಂಟು ಹಚ್ಚಿ, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿ ಮಗ್ಗುಲು ಹೊರಗೆ ಮಾಡಿ ನೀಟಾಗಿ ಹೊದಿಕೆ ಹಾಕಿದ್ದಳು. ನಾಲ್ಕು ದಿನದಲ್ಲಿ ಓದಿ ಮುಗಿಸಿದೆ. ಹೇಗೆಂದರೆ, ಅಡಿಗೆ ಮುಗಿಯುವವರೆಗೆ ನಾನು ಮಡಿಯಲ್ಲಿರುತ್ತೇನೆ. ಆ ಹೊತ್ತಿನಲ್ಲಿ ಹೊರಗಿನದೇನನ್ನೂ ಮುಟ್ಟುವಂತಿಲ್ಲ. ಊಟವಾಗಿ, ಪಾತ್ರೆ ಎದ್ದು, ಅತ್ತೆ ಮಲಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಓದುತ್ತಿದ್ದೆ. ಅದೊಂದು ತಾಸು ಯಾರೂ ನನ್ನನ್ನು ಕರೆಯದೆ ಇದ್ದದ್ದು ಆ ವರ್ಷದ ಭಾಗ್ಯಗಳಲ್ಲಿ ಒಂದು ಎಂದು ಲೆಕ್ಕ ಹಿಡಿದಿದ್ದೇನೆ.

ಐದನೆಯ ದಿನ ಪುಸ್ತಕವನ್ನು ನಡುಮನೆಯ ಗೂಡಿನಲ್ಲಿ ಮರೆತುಬಿಟ್ಟೆ. ಅತ್ತೆಗೆ ಕಣ್ಣು ಮಂದ ಎಂದು ಎಲ್ಲರೂ ಹೇಳುತ್ತಾರೆ. ಅವರಿಗೆ ಬೇಕಾದದ್ದು ಗೋಡೆಯಾಚೆಯಿಂದಲೂ ಕಾಣುತ್ತದೆ. ಹೊದಿಕೆಯ ಅಂಚು ಎತ್ತಿ ಒಳಗಿನ ಚಿತ್ರ ನೋಡಿದ್ದರು. ಬುದ್ಧನ ಚಿತ್ರ.

“ಇದು ಯಾರ ಮನೀ ಕ್ಯಾಲೆಂಡರು?”

“ಕಮಲಾಪುರದ ಹುಡುಗೀದು, ಅತ್ತೀ. ನನ್ನ ಜೋಡಿ ಇದ್ದಾಳಲ್ಲ.”

“ಯಾರ ಪೈಕಿ?”

“ಸಾಲಿ ಕಲಸ್ತಾಳ.”

“ನಾ ಅದನ್ನ ಕೇಳಿಲ್ಲ.”

ಕೇಳಿದ್ದು ಏನೆಂದು ನನಗೆ ಗೊತ್ತಿತ್ತು. ಅವರಿಗೆ ಉತ್ತರವೂ ಗೊತ್ತಿತ್ತು. ನಮ್ಮ ಮನೆಯಲ್ಲಿ ನೆಹರು ಗಂಜಿನ ಮಂಡಿಯಿಂದ ಬಂದ ತೊಗರಿಬೇಳೆಯ ಚೀಲಕ್ಕೆ, ಪ್ಯಾಟಿಯಿಂದ ಬಂದ ಕಾಯಿಪಲ್ಯಕ್ಕೆ, ಒಮ್ಮೊಮ್ಮೆ ಅಂಚೆಯವ ಕೊಟ್ಟ ಕಾರ್ಡಿಗೂ ತುಳಸಿ ಹಾಕಿದ ನೀರನ್ನು ಉದ್ಧರಣೆಯಿಂದ ಮೂರು ಹನಿ ಚಿಮುಕಿಸಿ ಒಳಗೆ ತರುವುದು ಪದ್ಧತಿ. ಪುಸ್ತಕಕ್ಕೂ ಮೂರು ಹನಿ ಹಾಕಿ ಮುಗಿಸಬಹುದು ಎಂದುಕೊಂಡೆ. ಅತ್ತೆ ಒಪ್ಪಲಿಲ್ಲ. “ಬ್ಯಾಳಿ ಚೀಲ ಹೊರಗಿಂದ ಮುಟ್ಟಿರ್ತಾರ. ಪುಸ್ತಕ ಹಂಗಲ್ಲ, ಹಾಳಿ ಹಾಳಿ ತಿರವ್ಯಾಳ. ಹಾಳಿ ಹಾಳಿಗೂ ಬೀಳಬೇಕು.”

ತರ್ಕಶಾಸ್ತ್ರದಲ್ಲಿ ನಮ್ಮ ಅತ್ತೆಯನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ಅವರೇ ದಿನಾ ಬೆಳಗ್ಗೆ ದೇವರ ಮುಂದೆ ಕೂತು ಹತ್ತು ಅವತಾರ ಹೇಳುತ್ತಾರೆ. ಒಂಬತ್ತನೆಯ ಜಾಗದಲ್ಲಿ ಯಾರು ಬರುತ್ತಾರೆಂದು ಅವರ ನಾಲಿಗೆಗೆ ಗೊತ್ತು. ನಾಲಿಗೆ ಅದನ್ನು ಅವರಿಗೆ ತಿಳಿಸಿರಲಿಲ್ಲ. ಒಂಬತ್ತನೆಯ ಅವತಾರಕ್ಕೆ ನೀರು ಚಿಮುಕಿಸಿ ಶುದ್ಧ ಮಾಡಿಕೊಳ್ಳುವ ವಿಧಿ ಯಾವ ಗ್ರಂಥದಲ್ಲಿದೆಯೋ ನನಗೆ ಗೊತ್ತಿಲ್ಲ. ಹುಡುಗಿಯ ಮನೆಯವರು ಈ ಅವತಾರದ ಮಾತನ್ನೇ ಒಪ್ಪುವುದಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮಂಥವರ ನೆಂಟಸ್ತಿಕೆ ಅವರಿಗೆ ಬೇಡವೆನಿಸಿದರೆ ತಪ್ಪೇನೂ ಇಲ್ಲ.

ಎಲ್ಲವನ್ನೂ ಅತ್ತೆಯ ಮೇಲೆ ಹಾಕಿ ನಾನು ಪಾರಾಗಬಹುದು. ಅನೇಕ ಸೊಸೆಯಂದಿರು ಹಾಗೆ ಪಾರಾಗಿ ಸದ್ಗತಿ ಪಡೆದಿದ್ದಾರೆ. ಆದರೆ ಹೇಳಿದ್ದು ಅವರು, ಹಾಕಿದ್ದು ನನ್ನ ಕೈ. ಬೇಡ ಎನ್ನಲಿಲ್ಲ. ಹಾಕುವಾಗ ಮನಸ್ಸಿಗೆ ಸ್ವಲ್ಪ ಹಗುರವೂ ಆಯಿತು. ಅದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಕೊನೆಯ ಹಾಳೆಯಿಂದ ಶುರು ಮಾಡಿದೆ. ಮಕ್ಕಳ ಪುಸ್ತಕವೆಂದು ಇಡೀ ಪುಸ್ತಕವನ್ನು ನುಣುಪು ಕಾಗದದ ಮೇಲೆ ಬಣ್ಣದ ಚಿತ್ರ ಹಾಕಿ ಅಚ್ಚು ಮಾಡಿದ್ದರು. ಹಾಳೆ ತಿರುವುವುದು, ಹನಿ ಹಾಕುವುದು. ನಡುವಿಗೆ ಬರುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಎದ್ದು ಓಡಿದೆ. ಹಾಲು ಒರೆಸಿ ಬಂದಾಗ ಉಳಿದ ಅರ್ಧಕ್ಕೆ ಹಾಕುವ ಉತ್ಸಾಹ ಹೋಗಿತ್ತು, ಅತ್ತೆಯೂ ಮಲಗಿದ್ದರು. ಅಂದರೆ, ಆಕೆ ಓದಿ ತಿರುವಿದ್ದ ಮುಂದಿನ ಅರ್ಧ ಹಾಗೇ ಉಳಿಯಿತು. ಆಕೆಯ ಬೆರಳು ಸೋಂಕದ ಹಿಂದಿನ ಅರ್ಧವನ್ನು ನಾನು ಶ್ರದ್ಧೆಯಿಂದ ಶುದ್ಧ ಮಾಡಿ ಮುಗಿಸಿದ್ದೆ.

ಹಾಳೆ ಸುಕ್ಕಾಗಬಾರದೆಂದು ಪುಸ್ತಕವನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟೆ. ಈಗ ಅದು ಶುದ್ಧವಾದ್ದರಿಂದ ಅಡಿಗೆಮನೆಗೆ ಹೋಗಬಹುದಿತ್ತು. ಎರಡು ದಿನದ ಮೇಲೆ ತೆಗೆದು ನೋಡಿದರೆ ಹಿಂದಿನ ಅರ್ಧ ಅಂಟಿಕೊಂಡು ಒಂದೇ ಇಟ್ಟಿಗೆ. ಚಾಕು ಹಾಕಿ ಬಿಡಿಸಲು ನೋಡಿದೆ. ಸೇನಾಪತಿಯ ಮುಖ ಎರಡು ತುಂಡಾಯಿತು. ಚಾಕು ಕೆಳಗಿಟ್ಟು, ಪುಸ್ತಕಕ್ಕೆ ಪೇಪರು ಸುತ್ತಿ ದಾರ ಕಟ್ಟಿದೆ. ದಾರದ ಗಂಟು ಬಹಳ ಚೆನ್ನಾಗಿತ್ತು.

ಆ ರವಿವಾರ ಸರ್ ಚೀಟಿ ಎತ್ತಿಸಿದರು. ಓದುವ ಪರೀಕ್ಷೆ ಶುಕ್ರವಾರ, ಕಮಲಾಪುರದಲ್ಲಿ, ಆ ಹುಡುಗಿಯ ಶಾಲೆಯಲ್ಲೇ. ನನಗೆ ಕಾದಂಬರಿಯ ಮೊದಲ ಅರ್ಧದಿಂದ ಒಂದು ಅಧ್ಯಾಯ ಬಂತು, ಆಕೆಗೆ ಕೊನೆಯ ಅಧ್ಯಾಯ. ಇದನ್ನೇ ದೇವರ ಆಟ ಎನ್ನುತ್ತಾರೋ ಏನೋ. ದೇವರಿಗೆ ಇಷ್ಟು ಪುರುಸೊತ್ತು ಇರಬಾರದಿತ್ತು. ಪೊಟ್ಟಣವನ್ನು ಆಕೆಯ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. “ಎಷ್ಟ್ ಚಂದ ಕಟ್ಟೀರಿ ಅಕ್ಕಾರ” ಎಂದು ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಹೋದಳು.

ಮಂಗಳವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಆಗ ಬೆಳಗಿನ ಶಾಲೆ. ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಬಂದಿದ್ದಳು. ಬ್ಯಾಗಿನಿಂದ ಪುಸ್ತಕ ತೆಗೆದು ಕಟ್ಟೆಯ ಮೇಲಿಟ್ಟಳು.

“ಅಕ್ಕಾರ, ಈ ಹಾಳಿ ಹೆಂಗ ಅಂಟಿದ್ವು?”

“ಮಾಳಗಿ ಸೋರ್ತದವ್ವಾ” ಎಂದೆ.

ಆಕೆ ತಲೆಯೆತ್ತಿ ಆಕಾಶ ನೋಡಿದಳು. ಕಲಬುರಗಿಯ ಮಾರ್ಚ್ ತಿಂಗಳ ಆಕಾಶ, ಮೋಡದ ಹೆಸರೂ ಇಲ್ಲ.

“ಮಾರ್ಚಿನಾಗೇನ್ರಿ?”

ಆಕೆ ಪುಸ್ತಕದ ನಡುವಿನ ಒಂದು ಹಾಳೆ ತೆರೆದು, ಅದರೊಳಗೆ ಒಣಗಿ ಅಂಟಿದ್ದ ತುಳಸಿಯ ಎಲೆಯನ್ನು ಉಗುರಿನಿಂದ ಎಬ್ಬಿಸಿ ನನ್ನ ಮುಂದೆ ಹಿಡಿದಳು.

“ಮಾಳಗಿಂದ ತುಳಸಿನೂ ಸೋರ್ತದೇನ್ರಿ ಅಕ್ಕಾರ?”

ಆಕೆ ಆ ಎಲೆಯನ್ನು ನನ್ನ ಅಂಗೈಯಲ್ಲಿ ಇಟ್ಟಳು. “ನಮಗ್ ಬ್ಯಾಡ್ರಿ ಇದು.” ಆಮೇಲೆ ಕಟ್ಟೆಯ ಮೇಲೆ ಕೂತು, ತನ್ನ ಬಾಟಲಿಯ ನೀರು ಕುಡಿದಳು. ಅಷ್ಟು ಬಿಸಿಲಲ್ಲಿ ಬಂದವಳಿಗೆ ನೀರು ಬೇಕೇನವ್ವಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ.

“ಹೋಗ್ಲಿ. ಕೊನೀಗಿ ಏನಾಗ್ತದ ಹೇಳ್ರಿ. ಶುಕ್ರವಾರ ನಾ ಏನರ ಹೇಳಬೇಕಲ್ಲ. ಇದು ಕೈ ಬಿಟ್ರ ಜೂನ್‌ದಾಗ ಮನ್ಯಾಗ ಕೂಡ್ತೀನಿ.”

ನಾನು ಹೊಸ್ತಿಲ ಈಚೆ ಕೂತು ಹೇಳಿದೆ. ದ್ರೋಹಿ ಗುಟ್ಟು ಹೇಳಿದ್ದು, ಒಳಗಿನ ಕೆರೆ ಬತ್ತಿದ್ದು, ರಾಜ ನಲವತ್ತು ಕುದುರೆಯವರನ್ನು ಕರೆದುಕೊಂಡು ಸುರಂಗದೊಳಗಿಂದ ಪಾರಾದದ್ದು, ಐದು ವರ್ಷದ ಮೇಲೆ ತಿರುಗಿ ಬಂದು ಗೆದ್ದದ್ದು. ಆಕೆ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು. ಒಳಗಿನಿಂದ ಅತ್ತೆಯ ದನಿ ಬಂತು.

“ಏ, ಆ ಸುರಂಗದಾಗ ಕುದುರಿ ಹೆಂಗ ಹೋದ್ವು? ಅಷ್ಟು ಎತ್ತರ ಇರ್ತದೇನು?”

“ಅಜ್ಜಿಯವ್ರು ಬರೋಬರಿ ಕೇಳ್ತಾರ” ಎಂದಳು ಹುಡುಗಿ, ಬರೆಯುವುದನ್ನು ನಿಲ್ಲಿಸದೆ. ಆಮೇಲೆ, “ಉಳಿದ ಮಂದಿ ಏನಾದ್ರಿ?”

“ಯಾರು?”

“ಸುರಂಗದಾಗ ಹೋಗದವ್ರು. ಕೋಟಿ ಒಳಗ ಉಳಿದವ್ರು.”

ನಾನು ನೆನಪು ಮಾಡಿಕೊಂಡೆ. ಆ ಪುಟದಿಂದ ಈ ಪುಟಕ್ಕೆ ಐದು ವರ್ಷ ಹಾರಿತ್ತು. “ಬರದಿಲ್ಲವ್ವಾ” ಎಂದೆ.

ಶುಕ್ರವಾರ ನಾವು ಏಳು ಜನ ಹೆಂಗಸರು ಸರ್ ಜೊತೆ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದೆವು. ಮೂರು ಕೋಣೆಯ ಶಾಲೆ, ತಗಡಿನ ಮಾಡು. ನಲವತ್ತು ಐವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ನೆಲಕ್ಕೆ ಕೂಡಿಸಿದ್ದರು. ಸರ್ ಮತ್ತು ಶಾಲೆಯ ಹೆಡ್‌ಮಾಸ್ತರಿಗೆ ಕುರ್ಚಿ. ನಮ್ಮಿಬ್ಬರನ್ನು ಬಿಟ್ಟು ಉಳಿದ ಹೆಂಗಸರು ಮೊದಲು ಒಬ್ಬೊಬ್ಬರಾಗಿ ಓದಿದರು. ಮಕ್ಕಳು ಶಿಸ್ತಿನಿಂದ ಆಕಳಿಸಿದವು. ಒಬ್ಬ ಹುಡುಗ ಮುಂದೆ ಕೂತವನ ಅಂಗಿಯ ಗುಂಡಿ ಎಣಿಸುತ್ತಿದ್ದ. ಚರ್ಚೆ ಬಂದಾಗ ಸರ್ ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿದರು. ಮಕ್ಕಳಿಗೂ ಅದು ಅನುಕೂಲವಾಯಿತು.

ನನ್ನ ಪಾಳಿ ಬಂತು. ಹುಡುಗಿ ಪುಸ್ತಕ ಕೊಟ್ಟಳು. ಮುಂದಿನ ಅರ್ಧ ಎಷ್ಟು ಸರಾಗವಾಗಿ ತೆರೆಯಿತೆಂದರೆ ಹಾಳೆಗಳು ತಾವೇ ತಿರುವಿಕೊಂಡವು. ಏರಿಳಿತ ಮಾಡಿ ಓದಿದೆ. ಸರ್ ಭೇಷ್ ಎಂದು ಗುರುತು ಹಾಕಿಕೊಂಡರು. ಪುಸ್ತಕವನ್ನು ಆಕೆಯ ಕೈಗೆ ತಿರುಗಿ ಕೊಡುವಾಗ ಅವಳ ಮುಖ ನೋಡಲಿಲ್ಲ.

ಆಕೆ ಪುಸ್ತಕವನ್ನು ಮೇಜಿನ ಮೇಲಿಟ್ಟು, ಮಕ್ಕಳ ನಡುವೆ ಹೋಗಿ ನಿಂತಳು. ಹೇಳತೊಡಗಿದಳು. ಓದಲಿಲ್ಲ, ಹೇಳಿದಳು. ಕೆರೆ ಬತ್ತಿದ ಮಾತು ಬಂದ ಕೂಡಲೆ ಗುಂಡಿ ಎಣಿಸುವ ಹುಡುಗ ಕೈ ಬಿಟ್ಟ. ಕೊಡ ಎಷ್ಟು ದೂರ ಹೊರಬೇಕಿತ್ತು, ಮೆಟ್ಟಿಲೆಷ್ಟು, ಯಾರು ಮೊದಲು ತುಂಬಿಕೊಳ್ಳುತ್ತಿದ್ದರು ಎಂದೆಲ್ಲ ಮಕ್ಕಳೇ ಕೇಳಿದವು. ಗೊತ್ತಿದ್ದದ್ದನ್ನು ಹೇಳಿದಳು, ಗೊತ್ತಿಲ್ಲದ್ದಕ್ಕೆ ಪುಸ್ತಕದಲ್ಲಿ ಇಲ್ಲ ಎಂದಳು. ರಾಜ ಸುರಂಗದಿಂದ ಪಾರಾದ ಮೇಲೆ ಒಂದು ಹುಡುಗಿ ಎದ್ದು ನಿಂತಳು.

“ಟೀಚರ್, ಉಳಿದವ್ರು ಏನಾದ್ರಿ?”

“ಅದನ್ನ ಬರದಿಲ್ಲ. ನೀವ ಹೇಳ್ರಿ, ಏನಾಗಿರಬೇಕು?”

“ಬಾಗ್ಲಾ ತಗದು ಹೊರಗ ಬಂದು ಹೊಟ್ಟಿ ತುಂಬ ನೀರು ಕುಡದಿರ್ತಾರ.”

“ವೈರಿ ಹೊಡದಿರ್ತಾನ ಲೇ.”

“ಇಲ್ರಿ ಟೀಚರ್. ಹೊಡದ್ರ ಅವನ ಕೆಲ್ಸ ಯಾರ ಮಾಡ್ತಾರ? ಕೋಟಿ ಗ್ವಾಡಿ ಬಿದ್ದಿರ್ತದ. ಕಲ್ಲು ಹೊರಾಕ ಹಚ್ಚಿರ್ತಾನ.”

“ಮೊದ್ಲಿನ ರಾಜಾನೂ ಹಚ್ಚಿದ್ದ ಬಿಡು.”

ಆರು ತಿಂಗಳಲ್ಲಿ ಐತಿಹಾಸಿಕ ಕಾದಂಬರಿಯ ಬಗ್ಗೆ ನಾನು ಕೇಳಿದ ಚರ್ಚೆ ಅದೊಂದೇ. ಸರ್‌ಗೆ ಅದು ಗದ್ದಲವೆಂದು ಕೇಳಿಸಿತು. ಪೆನ್ಸಿಲಿನಿಂದ ಕುರ್ಚಿಯ ಕೈ ಬಡಿದರು.

“ಇದು ಓದೋ ಪರೀಕ್ಷೆ. ಸಂತಿ ಮಾಡಾಕತ್ತೀರಿ. ಪುಸ್ತಕ ತಗೊಂಡು ಓದ್ರಿ.”

“ಹಾಳಿ ಅಂಟ್ಯಾವ್ರಿ ಸರ್.”

ಸರ್ ಪುಸ್ತಕ ತರಿಸಿಕೊಂಡು ನೋಡಿದರು. ಎರಡು ಬೆರಳಿನಿಂದ ಇಟ್ಟಿಗೆಯನ್ನು ಎತ್ತಿ ಹೆಡ್‌ಮಾಸ್ತರಿಗೆ ತೋರಿಸಿದರು. “ನೀರು ಬಿಟ್ಟೀರಿ. ಲೈಬ್ರರಿ ಪುಸ್ತಕ ಇಟ್ಕೊಳ್ಳೂ ರೀತಿ ಇಲ್ಲ, ಮಕ್ಕಳಿಗೆ ಏನ್ ಕಲಸ್ತೀರಿ ನೀವು?” ಎಂದು ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಸೊನ್ನೆ ಎಳೆದರು. ಹೆಡ್‌ಮಾಸ್ತರು ತಲೆ ಆಡಿಸಿ, “ಹಿಂಗಾದ್ರ ಕಷ್ಟ ಅದ ಟೀಚರ್, ನಾವರ ಏನ್ ಮಾಡೂದು” ಎಂದರು.

ಆಕೆ ನನ್ನ ಕಡೆ ನೋಡಲಿಲ್ಲ. ಮಕ್ಕಳ ಕಡೆ ನೋಡುತ್ತ ನಿಂತಿದ್ದಳು. ನನ್ನ ಹೆಸರು ಹೇಳುವುದಕ್ಕೆ ಒಂದು ಉಸಿರು ಸಾಕಿತ್ತು. ಹೇಳಲಿಲ್ಲ.

ನನಗೆ ಆಗ ಏನೇನು ನೆನಪಾಯಿತು ನೋಡಿ. ಮನೆತನದ ಮರ್ಯಾದೆ ನೆನಪಾಯಿತು. ಯಜಮಾನರ ಆಫೀಸಿನಲ್ಲಿ ಸರ್‌ನ ತಮ್ಮ ಕೆಲಸ ಮಾಡುವುದು ನೆನಪಾಯಿತು. ಹಿರಿಯರ ವಿಷಯವನ್ನು ಹೊರಗೆ ಆಡಬಾರದೆಂಬ ಧರ್ಮವೂ ನೆನಪಾಯಿತು. ನಿತ್ಯ ಎರಡು ಹೊತ್ತು ದೇವರ ಮುಂದೆ ಕೂತು ಗಳಿಸಿದ್ದೆಲ್ಲ ಆ ಹೊತ್ತಿಗೆ ನನಗೆ ಬಾಯಿ ಮುಚ್ಚಿಕೊಂಡಿರುವ ಕಾರಣಗಳನ್ನೇ ಒದಗಿಸಿತು. ಎದ್ದು ನಿಂತದ್ದು ಹೇಗೋ ಗೊತ್ತಿಲ್ಲ. ಕಾಲು ಜೋಮು ಹಿಡಿದಿತ್ತು, ಅದೂ ಕಾರಣವಿರಬಹುದು.

“ಸರ್, ಅದು ನನ್ನ ಮನ್ಯಾಗ ಆಗಿದ್ದರಿ.”

ಸರ್‌ನ ಮುಖ ಕೂಡಲೆ ಮೆತ್ತಗಾಯಿತು. “ನಿಮ್ಮ ಮನ್ಯಾಗೇನ್ರಿ? ಮನ್ಯಾಗ ಮಕ್ಕಳಿರ್ತಾರ, ತಂಬಿಗಿ ಉರುಳಿರ್ತದ. ಆಗ್ತಿರ್ತದ ಬಿಡ್ರಿ.”

ಆಕೆಯಿಂದಾದರೆ ರೀತಿ ಇಲ್ಲದ್ದು, ನನ್ನಿಂದಾದರೆ ಆಗುತ್ತಿರುವಂಥದ್ದು. ಸರ್ ಬಾಗಿಲನ್ನು ಎಷ್ಟು ಅಗಲ ತೆರೆದು ಕೊಟ್ಟರೆಂದರೆ ನಲವತ್ತು ಕುದುರೆ ಕೂಡಿಯೇ ಹೋಗಬಹುದಿತ್ತು. ಹೋಗುವ ಮನಸ್ಸೂ ಆಯಿತು.

“ಇಲ್ರಿ ಸರ್. ತಂಬಿಗಿ ಉರುಳಿಲ್ಲ. ನಾನ ಕೈಯಾರೆ ನೀರು ಚಿಮುಕಿಸೀನಿ. ಈಕಿ ಮುಟ್ಟ್ಯಾಳಂತ, ಮಡೀಗಿ. ಈಕಿದು ಏನೂ ತಪ್ಪಿಲ್ಲ.”

ನಮ್ಮ ಸಾಲಿನ ಹೆಂಗಸರಲ್ಲಿ ಮೂವರು ತಮ್ಮ ತಮ್ಮ ಸೆರಗಿನ ಅಂಚನ್ನು ಪರೀಕ್ಷೆ ಮಾಡಿದರು. ಅವರ ಮನೆಗಳಲ್ಲೂ ಉದ್ಧರಣೆ ಇತ್ತು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಮಡಿ ಎಂದರೇನೆಂದು ಅವರು ಕೇಳಲಿಲ್ಲ. ಕೇಳಿದ್ದು ಮುಂದಿನ ಸಾಲಿನ ಒಂದು ಹುಡುಗಿ.

“ಟೀಚರ್, ಮಡಿ ಅಂದ್ರೇನ್ರಿ?”

“ಸುಮ್ಕ ಕೂಡು” ಎಂದರು ಹೆಡ್‌ಮಾಸ್ತರು.

“ನಾಳಿ ಹೇಳ್ತೀನಿ” ಎಂದಳು ಅವರ ಟೀಚರು.

ಸರ್ ರಬ್ಬರು ಹುಡುಕಿ, ಸೊನ್ನೆ ಅಳಿಸಿದರು. ಪುಸ್ತಕದ ಮುಂದಿನ ಅರ್ಧದಲ್ಲಿ ಒಂದು ಪುಟ ತೆಗೆದು ಕೊಟ್ಟು, ಇಷ್ಟು ಓದಿರಿ ಎಂದರು. ಆಕೆ ಓದಿದಳು. ನನಗಿಂತ ಚೆನ್ನಾಗಿ ಓದಿದಳು. ಏರಿಳಿತ ಮಾಡಲಿಲ್ಲ, ಅದಕ್ಕೇ ಇರಬೇಕು. ಸರ್ ಏನೋ ಬರೆದುಕೊಂಡರು. ಹೆಡ್‌ಮಾಸ್ತರು ಇಣುಕಿ ನೋಡಿ, “ಹಂಗಾದ್ರ ಜೂನ್‌ದಾಗ ಕಾಗದ ತಂದು ಹಾಜರಾಗ್ರಿ” ಎಂದರು. ಸರ್ ಪಾಸು ಮಾಡಿದ್ದರು. ಚರ್ಚೆಗೆ ಮಾತ್ರ ಎಲ್ಲರಿಗಿಂತ ಕಡಿಮೆ ಹಾಕಿದ್ದರು ಎಂದು ಆಮೇಲೆ ಸರ್ಟಿಫಿಕೇಟು ಬಂದಾಗ ತಿಳಿಯಿತು. ನನಗೆ ಓದುವುದಕ್ಕೆ ಪ್ರಥಮ ದರ್ಜೆ. ಲೈಬ್ರರಿಯವರು ನನ್ನ ಕಾರ್ಡನ್ನು ಮಾತ್ರ ಕಸಿದುಕೊಂಡರು. ಇಡೀ ಪ್ರಕರಣದಲ್ಲಿ ನ್ಯಾಯವಾಗಿ ನಡೆದದ್ದು ಅದೊಂದು.

ಬಸ್ ಸ್ಟ್ಯಾಂಡಿಗೆ ನಮ್ಮನ್ನು ಕಳಿಸಲು ಬಂದಳು. ಉಳಿದ ಹೆಂಗಸರು ನೆರಳಲ್ಲಿ ನಿಂತು, ನನಗೆ ಕೇಳಿಸದ ಹಾಗೆ ನನ್ನ ವಿಷಯ ಮಾತಾಡುತ್ತಿದ್ದರು, ನನಗೆ ಎಲ್ಲ ಕೇಳಿಸುತ್ತಿತ್ತು. ಮನೆಯ ಮಾತು ಹೊರಗೆ ಹಾಕಿದಳು ಎನ್ನುವುದು ಅವರ ದುಃಖ. ಹುಡುಗಿ ಗಾಡಿಯವನ ಹತ್ತಿರ ಆ ಊರಿನ ಕೆಂಪು ಬಾಳೆಹಣ್ಣು ತೆಗೆದುಕೊಂಡು ಬಂದು, ಚಿಪ್ಪಿನಿಂದ ಒಂದನ್ನು ಮುರಿದು ನನ್ನ ಮುಂದೆ ಹಿಡಿದಳು.

“ತಗೋರಿ ಅಕ್ಕಾರ. ಸಿಪ್ಪಿ ಅದ. ಒಳಗ ಯಾರೂ ಮುಟ್ಟಿಲ್ಲ.”

ಅಷ್ಟು ಹೊಡೆತಕ್ಕೆ ನಾನು ಅರ್ಹಳೇ ಇದ್ದೆ. ಸಿಪ್ಪೆ ಸುಲಿದು ಅಲ್ಲೇ ನಿಂತು ತಿಂದೆ. ಮನೆಯಿಂದ ಹೊರಗೆ ನಿಂತು ಏನನ್ನಾದರೂ ತಿಂದು ನನಗೆ ಹದಿನೆಂಟು ವರ್ಷವಾಗಿತ್ತು. ಹಣ್ಣು ಬಹಳ ರುಚಿ ಇತ್ತು. ಅದನ್ನೂ ಆ ವರ್ಷದ ಭಾಗ್ಯಗಳ ಲೆಕ್ಕದಲ್ಲಿ ಸೇರಿಸಿಕೊಂಡೆ, ನಾಚಿಕೆ ಇಲ್ಲದೆ.

“ನನ್ನ ಮ್ಯಾಲ ಸಿಟ್ಟದೇನವ್ವಾ?” ಎಂದು ಕೇಳಿದೆ. ಇಲ್ಲರೀ ಅಕ್ಕಾರ ಎನ್ನುತ್ತಾಳೆ, ನಾನು ಸಮಾಧಾನದಿಂದ ಮನೆಗೆ ಹೋಗುತ್ತೇನೆ ಎಂದು ಒಳಗೊಳಗೆ ಏರ್ಪಾಡು ಮಾಡಿಕೊಂಡೇ ಕೇಳಿದ್ದು.

“ಅದ ರೀ” ಎಂದಳು.

ಧೂಳೆಬ್ಬಿಸಿಕೊಂಡು ಬಸ್ಸು ಬಂತು. ಹೆಂಗಸರು ಬಾಗಿಲಿಗೆ ಮುಗಿಬಿದ್ದರು. ಆಕೆ ನನ್ನ ಕೈಯಿಂದ ಸಿಪ್ಪೆ ಇಸಕೊಂಡು, ನನ್ನ ಚೀಲವನ್ನು ಕಿಟಕಿಯೊಳಗಿಂದ ಒಂದು ಸೀಟಿನ ಮೇಲೆ ಎಸೆದಳು.

“ಮುಂದಿನ ಸೀಟ್ ಹಿಡದೀನಿ, ಹೋಗಿ ಕೂಡ್ರಿ. ಹಿಂದ ಭಾಳ ಕುಲಕ್ತದ.”